ಮಕ್ಕಳಲ್ಲಿ ಜಂತುಹುಳು ಬಾಧೆ: ಗುರುತಿಸುವಿಕೆ, ತಡೆಗಟ್ಟುವಿಕೆ ಮತ್ತು ಗ್ರಾಮ ಪಂಚಾಯತಿಯ ಹೊಣೆ

ಪ್ರತಿ ವರ್ಷ ಫೆಬ್ರವರಿ 10 ಮತ್ತು ಆಗಸ್ಟ್ 10 ರಾಷ್ಟ್ರೀಯ ಜಂತುಹುಳು ನಿವಾರಣಾ ದಿನಗಳೆಂದು ನಿಗದಿಯಾಗಿವೆ. 2015ರಲ್ಲಿ 11 ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳಲ್ಲಿ ಆರಂಭಗೊಂಡ ಈ ಕಾರ್ಯಕ್ರಮವು ಮರುವರ್ಷವೇ ದೇಶದಾದ್ಯಂತ ವಿಸ್ತರಣೆಗೊಂಡಿತು. ಅಂದು ಅಂಗನವಾಡಿ, ಶಾಲೆ ಹಾಗೂ ಕಾಲೇಜುಗಳಲ್ಲಿ 1ರಿಂದ 19 ವರ್ಷ ವಯಸ್ಸಿನ ಎಲ್ಲರಿಗೂ ಅಲ್ಬೆಂಡಜೋಲ್ ಮಾತ್ರೆಯನ್ನು ಉಚಿತವಾಗಿ ನೀಡಲಾಗುತ್ತದೆ. ಗ್ರಾಮ ಪಂಚಾಯತಿಯ ಅಧ್ಯಕ್ಷರು ಇಲ್ಲವೇ ವಾರ್ಡಿನ ಸದಸ್ಯರು ಮೊದಲ ಮಾತ್ರೆಯನ್ನು ಮಗುವಿನ ಕೈಗಿತ್ತು ಕಾರ್ಯಕ್ರಮಕ್ಕೆ ಚಾಲನೆ ನೀಡುವುದು ವಾಡಿಕೆಯಾಗಿದೆ.

ಆ ಮಾತ್ರೆಯು ಮಗುವಿನ ಕರುಳಿನಲ್ಲಿರುವ ಹುಳುಗಳನ್ನು ಹೊರಹಾಕುತ್ತದೆ. ಹುಳುಗಳು ಬಂದ ಮಣ್ಣನ್ನು ಅದು ಶುದ್ಧಗೊಳಿಸುವುದಿಲ್ಲ. ಬೆಳಿಗ್ಗೆ ಮಾತ್ರೆ ಸೇವಿಸಿದ ಮಗು ಸಂಜೆ ಅದೇ ಓಣಿಯಲ್ಲಿ, ಅದೇ ನಳದ ಬುಡದಲ್ಲಿ, ಅದೇ ಕಾಲುವೆಯ ಏರಿಯ ಮೇಲೆ ಬರಿಗಾಲಿನಲ್ಲಿ ಆಡುತ್ತದೆ. ಮಣ್ಣು ಹಾಗೆಯೇ ಉಳಿದಲ್ಲಿ ಆರು ತಿಂಗಳಿಂದ ಒಂದು ವರ್ಷದೊಳಗೆ ಸೋಂಕು ಬಹುಮಟ್ಟಿಗೆ ಹಿಂದಿನ ಪ್ರಮಾಣಕ್ಕೇ ಮರಳುತ್ತದೆ ಎಂಬುದು ಹಲವು ದೇಶಗಳ ಅನುಭವ. ಮಾತ್ರೆ ಒದಗಿಸುವುದು ಆರೋಗ್ಯ ಇಲಾಖೆಯ ಕಾರ್ಯ. ಊರಿನ ಮಣ್ಣನ್ನು ಶುದ್ಧವಾಗಿಡುವುದು ಗ್ರಾಮ ಪಂಚಾಯತಿಯ ಕಾರ್ಯ. ಮೊದಲನೆಯದು ವರ್ಷಕ್ಕೆ ಎರಡು ದಿನ ನಡೆಯುತ್ತದೆ. ಎರಡನೆಯದು ವರ್ಷವಿಡೀ ನಡೆಯಬೇಕು. ಹೊಸಪೇಟೆ, ಕಂಪ್ಲಿ ಹಾಗೂ ಸಂಡೂರು ಭಾಗದ ಗ್ರಾಮಗಳನ್ನು ಗಮನದಲ್ಲಿರಿಸಿಕೊಂಡು ಈ ಎರಡೂ ಕಾರ್ಯಗಳ ವಿವರವನ್ನು ಇಲ್ಲಿ ನೀಡಲಾಗಿದೆ.

ಹುಳುಗಳು ಯಾವುವು, ಬರುವ ದಾರಿ ಯಾವುದು

ಮಣ್ಣಿನ ಮೂಲಕ ಹರಡುವ ಹುಳುಗಳಲ್ಲಿ ಮುಖ್ಯವಾದವು ಮೂರು: ದುಂಡುಹುಳು, ಚಾಟಿಹುಳು ಮತ್ತು ಕೊಕ್ಕೆಹುಳು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 150 ಕೋಟಿ ಜನರು ಇವುಗಳಲ್ಲಿ ಯಾವುದಾದರೊಂದರ ಸೋಂಕಿಗೆ ಒಳಗಾಗಿದ್ದಾರೆ.

ದುಂಡುಹುಳು ನೋಡಲು ಎರೆಹುಳುವಿನಂತಿದ್ದು, ಮಾಸಲು ಬಿಳಿ ಬಣ್ಣದ್ದಾಗಿರುತ್ತದೆ. 15ರಿಂದ 35 ಸೆಂಟಿಮೀಟರ್ ಉದ್ದದವರೆಗೆ ಬೆಳೆಯುವ ಹೆಣ್ಣುಹುಳು ದಿನವೊಂದಕ್ಕೆ ಸುಮಾರು 2 ಲಕ್ಷ ಮೊಟ್ಟೆಗಳನ್ನಿಡುತ್ತದೆ. ಕಣ್ಣಿಗೆ ಕಾಣದ ಈ ಮೊಟ್ಟೆಗಳು ಮಲದೊಂದಿಗೆ ಹೊರಬೀಳುತ್ತವೆ. ಬಯಲಿನಲ್ಲಿ ಬಿದ್ದ ಮಲ ಒಣಗಿ, ಮಳೆಗೆ ಕರಗಿ ಕಣ್ಮರೆಯಾದರೂ ಮೊಟ್ಟೆಗಳು ಮಣ್ಣಿನಲ್ಲಿಯೇ ಉಳಿಯುತ್ತವೆ. ಎರಡರಿಂದ ನಾಲ್ಕು ವಾರಗಳಲ್ಲಿ ಅವು ಸೋಂಕು ತರುವ ಹಂತವನ್ನು ತಲುಪುತ್ತವೆ. ತೇವ ಮತ್ತು ನೆರಳು ದೊರೆತಲ್ಲಿ ವರ್ಷಗಟ್ಟಲೆ ಜೀವಂತವಾಗಿರಬಲ್ಲವು. ಮಣ್ಣಾದ ಬೆರಳು, ತೊಳೆಯದ ತರಕಾರಿ, ನೆಲಕ್ಕೆ ಬಿದ್ದ ತಿಂಡಿಯ ಮೂಲಕ ಅವು ಮಗುವಿನ ಬಾಯಿ ಸೇರುತ್ತವೆ. ಕರುಳಿನಲ್ಲಿ ಮೊಟ್ಟೆಯೊಡೆದು ಹೊರಬಂದ ಮರಿಗಳು ರಕ್ತದೊಂದಿಗೆ ಶ್ವಾಸಕೋಶಕ್ಕೆ ಹೋಗಿ, ಅಲ್ಲಿಂದ ಗಂಟಲಿಗೇರಿ, ಮತ್ತೆ ನುಂಗಲ್ಪಟ್ಟು ಕರುಳಿಗೆ ಮರಳಿ ಬೆಳೆಯುತ್ತವೆ. ಚಾಟಿಹುಳು ಸುಮಾರು 4 ಸೆಂಟಿಮೀಟರಿನಷ್ಟಿದ್ದು, ಅದರ ಮೊಟ್ಟೆಯೂ ಬಾಯಿಯ ಮೂಲಕವೇ ದೇಹವನ್ನು ಸೇರುತ್ತದೆ.

ಕೊಕ್ಕೆಹುಳುವಿನ ದಾರಿ ಬೇರೆ. ಅದರ ಮೊಟ್ಟೆಗಳು ಬೆಚ್ಚಗಿನ ತೇವದ ಮಣ್ಣಿನಲ್ಲಿ ಒಂದೆರಡು ದಿನಗಳಲ್ಲೇ ಒಡೆದು ಮರಿಗಳಾಗುತ್ತವೆ. ಐದರಿಂದ ಹತ್ತು ದಿನಗಳಲ್ಲಿ ಬಲಿತ ಮರಿಗಳು ಬರಿಗಾಲಿನ ಚರ್ಮವನ್ನು ಕೊರೆದು ಒಳನುಗ್ಗುತ್ತವೆ. ಆದುದರಿಂದ ಶುದ್ಧ ನೀರು ಕುಡಿಯುವ, ಕೈತೊಳೆದು ಉಣ್ಣುವ ಮಗುವಿಗೂ ಚಪ್ಪಲಿಯಿಲ್ಲದಿದ್ದರೆ ಈ ಹುಳು ತಗಲಬಲ್ಲದು.

ಇವುಗಳಲ್ಲದೆ ಮಕ್ಕಳನ್ನು ಹೆಚ್ಚಾಗಿ ಕಾಡುವ ಸೂಜಿಹುಳು ಎಂಬ ಇನ್ನೊಂದು ಸಣ್ಣ ಬಿಳಿ ಹುಳುವಿದೆ. ಇದು ಮಣ್ಣಿನಿಂದ ಬರುವುದಕ್ಕಿಂತ ಬೆರಳು, ಹಾಸಿಗೆ, ಒಳಉಡುಪುಗಳ ಮೂಲಕ ಮನೆಯ ಒಬ್ಬರಿಂದ ಇನ್ನೊಬ್ಬರಿಗೆ ಹರಡುತ್ತದೆ. ರಾತ್ರಿಯ ವೇಳೆ ಗುದದ ಸುತ್ತ ತೀವ್ರ ತುರಿಕೆ ಇದರ ಮುಖ್ಯ ಲಕ್ಷಣ.

ಅಚ್ಚುಕಟ್ಟು ಪ್ರದೇಶದ ಮಣ್ಣು

ಬಿಸಿಲಿನಲ್ಲಿ ಕಾದು ಒಣಗಿದ ಬರಿನೆಲ ಈ ಹುಳುಗಳಿಗೆ ಅನುಕೂಲಕರವಲ್ಲ. ಬಳ್ಳಾರಿ ಸೀಮೆಯ ಬಿಸಿಲು ಹೆಸರಾದುದರಿಂದ ಇಲ್ಲಿ ಜಂತುಹುಳುವಿನ ಭಯ ಕಡಿಮೆಯೆಂದು ಭಾವಿಸುವುದು ಸಹಜ. ಆದರೆ ನೀರಾವರಿಯಾದ ಊರುಗಳ ನೆಲವೆಲ್ಲ ಹಾಗೆ ಒಣಗುವುದಿಲ್ಲ. ವಿಜಯನಗರದ ಅರಸರ ಕಾಲದ ರಾಯ, ಬಸವಣ್ಣ, ತುರ್ತು ಮೊದಲಾದ ಕಾಲುವೆಗಳು ಶತಮಾನಗಳಿಂದ ಹರಿದಿವೆ. 1953ರಿಂದ ತುಂಗಭದ್ರಾ ಜಲಾಶಯದ ನೀರು ಕಾಲುವೆಗಳ ಮೂಲಕ ಹೊಲಗದ್ದೆಗಳನ್ನು ಸೇರತೊಡಗಿತು. ಭತ್ತ, ಕಬ್ಬು, ಬಾಳೆ ಬೆಳೆದವು. ಜೊತೆಗೆ ನೆರಳೂ ತೇವವೂ ಊರಂಚಿಗೆ ಬಂದವು. ಕೆಲವೆಡೆ ಕಾಲುವೆಯ ಬಸಿನೀರಿನಿಂದ ಅಂತರ್ಜಲ ಮೇಲೇರಿ ಭೂಮಿ ಸವಳು-ಜವಳಾಯಿತು.

ಬಾಳೆತೋಟದ ಒಳಗು, ಕಾಲುವೆಯ ಏರಿಯ ಪೊದೆ, ಕಬ್ಬಿನ ಗದ್ದೆಯ ಬದು: ಇವು ಬಯಲು ಶೌಚಕ್ಕೆ ಮರೆಯಾಗಿ ದೊರೆಯುವ ಸ್ಥಳಗಳು, ಹುಳುವಿನ ಮೊಟ್ಟೆಗೆ ಬೇಕಾದ ನೆರಳು ಮತ್ತು ತೇವ ಇರುವುದೂ ಇಲ್ಲಿಯೇ. ಜಿಗುಟಾದ ಎರೆಮಣ್ಣು ತೇವವನ್ನು ಹಿಡಿದಿಟ್ಟು ದುಂಡುಹುಳು ಮತ್ತು ಚಾಟಿಹುಳುಗಳ ಮೊಟ್ಟೆಗಳನ್ನು ಕಾಪಾಡುತ್ತದೆ. ಮರಳು ಬೆರೆತ ಸಡಿಲ ಮಣ್ಣು ಕೊಕ್ಕೆಹುಳುವಿನ ಮರಿಗಳ ಚಲನೆಗೆ ಅನುಕೂಲವಾಗುತ್ತದೆ. ನೀರಾವರಿಯಿಲ್ಲದ ಊರುಗಳಲ್ಲಿಯೂ ಸೋರುವ ನಳದ ಬುಡ, ಕೊಳವೆಬಾವಿಯ ಸುತ್ತಲಿನ ಕೆಸರು, ಚರಂಡಿಯಿಲ್ಲದೆ ಓಣಿಗೆ ಹರಿಯುವ ಬಚ್ಚಲು ನೀರು ಇದೇ ಕೆಲಸವನ್ನು ಮಾಡುತ್ತವೆ. ಸಂಡೂರಿನ ಗಣಿ ಭಾಗದ ಕಾರ್ಮಿಕರ ಶೆಡ್ಡುಗಳು, ಕಬ್ಬು ಕಡಿಯುವವರ ಗುಡಿಸಲುಗಳು, ಇಟ್ಟಿಗೆ ಭಟ್ಟಿಗಳು, ಶೌಚಾಲಯಕ್ಕೆ ಜಾಗವಿಲ್ಲದ ಒತ್ತೊತ್ತಾದ ಮನೆಗಳಿರುವ ಓಣಿಗಳು ವಿಶೇಷ ಗಮನ ಬೇಡುವ ಸ್ಥಳಗಳಾಗಿವೆ.

ಮಗುವಿಗೆ ಆಗುವ ನಷ್ಟ

ಜಂತುಹುಳು ಸಾಮಾನ್ಯವಾಗಿ ಪ್ರಾಣ ತೆಗೆಯುವ ರೋಗವಲ್ಲ. ಸಭೆಗಳಲ್ಲಿ ಅದು ಚರ್ಚೆಗೆ ಬಾರದಿರಲು ಇದೇ ಕಾರಣ. ಆದರೆ ಅದು ಮಗುವಿನ ಪಾಲಿನ ಅನ್ನವನ್ನೂ ರಕ್ತವನ್ನೂ ದಿನದಿನವೂ ಕಸಿಯುತ್ತದೆ. ಕೊಕ್ಕೆಹುಳುವಿನ ಒಂದು ಜಾತಿಯು ಕರುಳಿನ ಗೋಡೆಯನ್ನು ಕಚ್ಚಿ ದಿನಕ್ಕೆ 0.2 ಮಿಲಿ ಲೀಟರಿನವರೆಗೆ ರಕ್ತನಷ್ಟವನ್ನುಂಟುಮಾಡುತ್ತದೆ. ಅಂತಹ 50 ಹುಳುಗಳಿದ್ದರೆ ದಿನಕ್ಕೆ 10 ಮಿಲಿ ಲೀಟರ್, ಅಂದರೆ ಎರಡು ಟೀ ಚಮಚದಷ್ಟು ರಕ್ತ ನಷ್ಟವಾಗಬಹುದು. ಬೆಳೆಯುವ ಮಗುವಿನ ದೇಹಕ್ಕೆ ಇದು ಸಣ್ಣ ನಷ್ಟವಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 6ರಿಂದ 59 ತಿಂಗಳ ಮಕ್ಕಳ ಪೈಕಿ ಶೇ 65.5ರಷ್ಟು ಮಕ್ಕಳು ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಇದಕ್ಕೆಲ್ಲ ಹುಳುವೇ ಕಾರಣವೆನ್ನಲಾಗದು. ಆಹಾರದಲ್ಲಿ ಕಬ್ಬಿಣಾಂಶದ ಕೊರತೆ ಮುಖ್ಯ ಕಾರಣವಾಗಿದೆ. ಆದರೆ ಮೊದಲೇ ರಕ್ತ ಕಡಿಮೆಯಿರುವ ಮಗುವಿಗೆ ಹುಳುವೂ ಸೇರಿದರೆ ಅಂಗನವಾಡಿಯ ಪೌಷ್ಟಿಕ ಆಹಾರ, ಶಾಲೆಯ ಹಾಲು, ಮೊಟ್ಟೆ, ಕಬ್ಬಿಣಾಂಶದ ಮಾತ್ರೆ ಇವುಗಳ ಪ್ರಯೋಜನ ಪೂರ್ಣವಾಗಿ ದಕ್ಕುವುದಿಲ್ಲ.

ಗುರುತಿಸುವುದು ಹೇಗೆ

ಅಂಗನವಾಡಿ ಕಾರ್ಯಕರ್ತೆಯರು, ಶಿಕ್ಷಕರು ಮತ್ತು ಪಾಲಕರು ಗಮನಿಸಬೇಕಾದ ಲಕ್ಷಣಗಳು ಹೀಗಿವೆ:

• ಕಣ್ಣಿನ ಕೆಳರೆಪ್ಪೆಯ ಒಳಭಾಗ, ನಾಲಿಗೆ, ಉಗುರು ಬಿಳಿಚಿಕೊಂಡಿರುವುದು. ಸ್ವಲ್ಪ ಆಟವಾಡಿದರೂ ದಣಿಯುವುದು.
• ಪದೇ ಪದೇ ಹೊಟ್ಟೆನೋವು, ಹಸಿವಿಲ್ಲದಿರುವುದು, ಕೈಕಾಲು ಸಣಕಲಾಗಿ ಹೊಟ್ಟೆ ಮಾತ್ರ ಉಬ್ಬಿರುವುದು.
• ವಯಸ್ಸಿಗೆ ತಕ್ಕ ತೂಕ ಮತ್ತು ಎತ್ತರ ಇಲ್ಲದಿರುವುದು. ಅಂಗನವಾಡಿಯ ಬೆಳವಣಿಗೆ ನಕ್ಷೆಯ ಗೆರೆ ಏರದೆ ನಿಲ್ಲುವುದು.
• ಮಲದಲ್ಲಿ ಅಥವಾ ವಾಂತಿಯಲ್ಲಿ ಹುಳು ಕಾಣಿಸುವುದು. ರಕ್ತ ಬೆರೆತ ಭೇದಿ.
• ರಾತ್ರಿ ಗುದದ ತುರಿಕೆ, ನಿದ್ರೆಗೇಡು.
• ಮಣ್ಣು, ಸುಣ್ಣ, ಬಳಪ ತಿನ್ನುವ ಚಟ. ರಕ್ತಹೀನತೆಯಿಂದ ಈ ಚಟ ಬರಬಹುದು. ಮಣ್ಣು ತಿಂದುದರಿಂದ ಇನ್ನಷ್ಟು ಹುಳುಗಳು ಸೇರುತ್ತವೆ. ಮಗುವನ್ನು ಹೊಡೆದು ಬಿಡಿಸುವುದರ ಬದಲು ರಕ್ತಪರೀಕ್ಷೆ ಮಾಡಿಸಬೇಕು.
• ಪಾಠದಲ್ಲಿ ಗಮನವಿಲ್ಲದಿರುವುದು, ಮಂಕಾಗಿ ಕೂರುವುದು, ಆಗಾಗ್ಗೆ ಗೈರುಹಾಜರಾಗುವುದು.

ಹೊಟ್ಟೆ ಬಿಗಿದು ಉಬ್ಬಿ, ತೀವ್ರ ನೋವಿನೊಂದಿಗೆ ಮೇಲಿಂದ ಮೇಲೆ ವಾಂತಿಯಾಗಿ, ಮಲ ಮತ್ತು ವಾಯು ಹೋಗದೆ ನಿಂತಿದ್ದರೆ ಹುಳುಗಳ ಗಂಟು ಕರುಳನ್ನು ಕಟ್ಟಿರುವ ಸಾಧ್ಯತೆಯಿದೆ. ಇದು ತುರ್ತು ಸ್ಥಿತಿ. ಮನೆಮದ್ದಿಗೆ ಸಮಯ ಕಳೆಯದೆ 108 ಆಂಬುಲೆನ್ಸ್ ಮೂಲಕ ಮಗುವನ್ನು ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

ಇಷ್ಟು ಹೇಳಿದ ಮೇಲೂ ಒಂದು ಮಾತು ಮುಖ್ಯ. ಹುಳುಗಳ ಸಂಖ್ಯೆ ಕಡಿಮೆಯಿರುವ ಬಹುತೇಕ ಮಕ್ಕಳಲ್ಲಿ ಯಾವ ಲಕ್ಷಣವೂ ಕಾಣುವುದಿಲ್ಲ. ಅಂತಹ ಮಗು ಆರೋಗ್ಯವಾಗಿ ಕಂಡರೂ ಅದರ ಮಲದಿಂದ ಮೊಟ್ಟೆಗಳು ಮಣ್ಣು ಸೇರುತ್ತಲೇ ಇರುತ್ತವೆ. "ನಮ್ಮ ಮಗುವಿಗೆ ಹುಳು ಇಲ್ಲ, ಮಾತ್ರೆ ಬೇಡ" ಎನ್ನುವ ಪಾಲಕರಿಗೆ ಈ ವಿಷಯವನ್ನು ತಿಳಿಸಬೇಕು. ಒಬ್ಬೊಬ್ಬರನ್ನು ಪರೀಕ್ಷಿಸದೆ ಎಲ್ಲರಿಗೂ ಮಾತ್ರೆ ನೀಡುವುದು ಈ ಕಾರಣಕ್ಕಾಗಿಯೇ.

ತಪ್ಪು ತಿಳಿವಳಿಕೆಗಳು

ಬೆಲ್ಲ, ಸಿಹಿ ಹೆಚ್ಚು ತಿಂದರೆ ಹೊಟ್ಟೆಯಲ್ಲಿ ಹುಳು ಹುಟ್ಟುತ್ತದೆಂಬ ನಂಬಿಕೆ ಈ ಭಾಗದಲ್ಲಿ ವ್ಯಾಪಕವಾಗಿದೆ. ಹುಳು ಹುಟ್ಟುವುದು ಹುಳುವಿನ ಮೊಟ್ಟೆಯಿಂದ, ಬೆಲ್ಲದಿಂದಲ್ಲ. ಬೆಲ್ಲ ಹಿಡಿದ ಕೈ ಮಣ್ಣಾಗಿದ್ದರೆ ದೋಷ ಕೈಯದು. ನಿದ್ರೆಯಲ್ಲಿ ಹಲ್ಲು ಕಡಿಯುವುದು ಹುಳುವಿನ ಖಚಿತ ಲಕ್ಷಣವೆಂಬುದೂ ಸರಿಯಲ್ಲ.

ಎಲ್ಲಕ್ಕಿಂತ ಹಾನಿಕರವಾದುದು ಎಳೆಯ ಮಕ್ಕಳ ಮಲ ನಿರಪಾಯಕಾರಿ ಎಂಬ ಭಾವನೆ. ಅಂಗಳದಲ್ಲೋ ಚರಂಡಿಯ ಬದಿಯಲ್ಲೋ ಮಗುವನ್ನು ಕೂರಿಸುವುದು, ಮಲವನ್ನು ತಿಪ್ಪೆಗೆ ಎಸೆಯುವುದು ಶೌಚಾಲಯವಿರುವ ಮನೆಗಳಲ್ಲಿಯೂ ಕಂಡುಬರುತ್ತದೆ. ದುಂಡುಹುಳು ಮತ್ತು ಚಾಟಿಹುಳುಗಳ ಬಾಧೆ ಹೆಚ್ಚಾಗಿರುವುದು ಮಕ್ಕಳಲ್ಲಿಯೇ. ಆದುದರಿಂದ ಅಂಗಳಕ್ಕೆ ಬೀಳುವ ಮೊಟ್ಟೆಗಳಲ್ಲಿ ಹೆಚ್ಚಿನವು ಮಕ್ಕಳ ಮಲದವು. ಮಗುವಿನ ಮಲವನ್ನೂ ಶೌಚಾಲಯಕ್ಕೇ ಹಾಕಿ, ತಾಯಿಯೂ ಮಗುವೂ ಸಾಬೂನಿನಿಂದ ಕೈ ತೊಳೆಯಬೇಕು.

ಮಾತ್ರೆ ನೀಡುವಾಗ

1ರಿಂದ 2 ವರ್ಷದ ಮಗುವಿಗೆ 400 ಮಿಲಿ ಗ್ರಾಂ ಮಾತ್ರೆಯ ಅರ್ಧ ಭಾಗ, 2ರಿಂದ 19 ವರ್ಷದವರಿಗೆ ಒಂದು ಪೂರ್ಣ ಮಾತ್ರೆ ನೀಡಲಾಗುತ್ತದೆ. ಚಿಕ್ಕ ಮಕ್ಕಳಿಗೆ ಮಾತ್ರೆಯನ್ನು ಪುಡಿಮಾಡಿ ಶುದ್ಧ ನೀರಿನಲ್ಲಿ ಕಲಸಿ ಕೊಡಬೇಕು. ದೊಡ್ಡ ಮಕ್ಕಳು ಚೆನ್ನಾಗಿ ಅಗಿದು ತಿನ್ನಬೇಕು. ಅಳುವ ಮಗುವಿನ ಮೂಗು ಹಿಡಿದು ಬಲವಂತವಾಗಿ ಹಾಕಿದರೆ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಒಂದು ವರ್ಷದೊಳಗಿನ ಮಕ್ಕಳಿಗೆ ನೀಡುವಂತಿಲ್ಲ. ಅಂದು ಜ್ವರ ಮೊದಲಾದ ಅನಾರೋಗ್ಯವಿರುವ ಮಗುವಿಗೆ ಗುಣವಾದ ನಂತರ ಕೊಡಬೇಕು. ಫಿಟ್ಸ್ ಅಥವಾ ಬೇರೆ ದೀರ್ಘಕಾಲದ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವ ಮಕ್ಕಳ ವಿಷಯದಲ್ಲಿ ವೈದ್ಯರ ಸಲಹೆ ಅಗತ್ಯ. ಗರ್ಭಿಣಿಯರು ಮೊದಲ ಮೂರು ತಿಂಗಳಲ್ಲಿ ಇದನ್ನು ಸೇವಿಸಬಾರದು.

ಮಾತ್ರೆ ತಿಂದ ಕೆಲವು ಮಕ್ಕಳಿಗೆ ಹೊಟ್ಟೆನೋವು, ವಾಕರಿಕೆ, ವಾಂತಿ, ತಲೆಸುತ್ತು ಬರಬಹುದು. ಹುಳುಗಳ ಸಂಖ್ಯೆ ಹೆಚ್ಚಿದ್ದಲ್ಲಿ ಇದು ಹೆಚ್ಚಾಗಿ ಕಾಣಿಸಿಕೊಂಡು, ಸಾಮಾನ್ಯವಾಗಿ ಸ್ವಲ್ಪ ಸಮಯದಲ್ಲಿ ಶಮನವಾಗುತ್ತದೆ. ಒಂದು ಶಾಲೆಯಲ್ಲಿ ನಾಲ್ಕು ಮಕ್ಕಳು ವಾಂತಿ ಮಾಡಿಕೊಂಡ ಸುದ್ದಿ ಮೊಬೈಲಿನಲ್ಲಿ ಹರಿದಾಡಿದರೆ ಮುಂದಿನ ಸುತ್ತಿನಲ್ಲಿ ನಲವತ್ತು ಪಾಲಕರು ಮಾತ್ರೆ ಬೇಡವೆನ್ನುತ್ತಾರೆ. ಸದಸ್ಯರು ಮುಂಚಿತವಾಗಿಯೇ ಈ ವಿಷಯವನ್ನು ತಿಳಿಸಿದ್ದಲ್ಲಿ, ಅಂದು ಶಾಲೆಯಲ್ಲಿ ಖುದ್ದಾಗಿ ಇದ್ದಲ್ಲಿ ಗಾಬರಿ ಹರಡುವುದಿಲ್ಲ. ತೊಂದರೆ ಮುಂದುವರಿದರೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬೇಕು. ಸಲಹೆಗೆ 104 ಆರೋಗ್ಯ ಸಹಾಯವಾಣಿಯೂ ಇದೆ.

ತಪ್ಪಿಹೋಗುವ ಮಕ್ಕಳ ಬಗ್ಗೆ ಪಂಚಾಯತಿ ಹೆಚ್ಚು ಎಚ್ಚರ ವಹಿಸಬೇಕು. ಫೆಬ್ರವರಿ ಕಬ್ಬು ಕಟಾವಿನ ಕಾಲ. ಬೇರೆ ಊರುಗಳಿಂದ ಬಂದ ಕಟಾವುಗಾರರ ಮಕ್ಕಳ ಹೆಸರು ಇಲ್ಲಿಯ ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ. ತಾಂಡಾ ಮತ್ತು ಹಳ್ಳಿಗಳಿಂದ ದುಡಿಯಲು ಹೋದವರ ಮಕ್ಕಳ ಹೆಸರು ಇಲ್ಲಿಯ ಪುಸ್ತಕದಲ್ಲಿದ್ದರೂ ಮಕ್ಕಳು ಇರುವುದಿಲ್ಲ. ಶಾಲೆ ಬಿಟ್ಟ ಮಕ್ಕಳು, ಕುರಿಗಾಹಿಗಳ ಮಕ್ಕಳು, ಕೂಸಿನ ಮನೆಗೆ ಬರುವ ಚಿಕ್ಕ ಮಕ್ಕಳು ಸಹ ಎಣಿಕೆಯಿಂದ ಹೊರಗುಳಿಯುವ ಸಂಭವವಿದೆ. ದಾಖಲಾದ ಮಕ್ಕಳಲ್ಲಿ ನೂರಕ್ಕೆ ನೂರು ಪ್ರಗತಿ ಸಾಧಿಸಿದ ಊರಿನಲ್ಲಿಯೂ ಇಂತಹ ಇಪ್ಪತ್ತು ಮಕ್ಕಳು ಉಳಿದಿರಬಹುದು. ಶಾಲೆಗೆ ಸೇರದ ಮಕ್ಕಳಿಗೆ ಅಂಗನವಾಡಿಯಲ್ಲಿ ಮಾತ್ರೆ ನೀಡಲು ಅವಕಾಶವಿದೆ. ಅವರನ್ನು ಕರೆತರುವಲ್ಲಿ ಆಶಾ ಕಾರ್ಯಕರ್ತೆಯರಿಗೆ ವಾರ್ಡಿನ ಸದಸ್ಯರ ನೆರವು ಬೇಕು. ಬಿಟ್ಟುಹೋದವರಿಗಾಗಿ ಕೆಲವು ದಿನಗಳ ನಂತರ ನಡೆಯುವ ಎರಡನೆಯ ಸುತ್ತನ್ನು ಈ ಮಕ್ಕಳಿಗಾಗಿ ಬಳಸಿಕೊಳ್ಳಬೇಕು.

ನಾರುಹುಣ್ಣು ಕಲಿಸಿದ ಪಾಠ

ಮಣ್ಣನ್ನು, ನೀರನ್ನು ಸರಿಪಡಿಸಿ ಹುಳುವನ್ನು ಓಡಿಸುವುದು ಹಳ್ಳಿಗಳಿಂದ ಸಾಧ್ಯವೇ ಎಂಬ ಪ್ರಶ್ನೆ ಏಳಬಹುದು. ಉತ್ತರ ಕರ್ನಾಟಕದ ಹಳ್ಳಿಗಳು ಹಿಂದೊಮ್ಮೆ ಇದನ್ನು ಮಾಡಿ ತೋರಿಸಿವೆ. ನಾರುಹುಣ್ಣು ಊರಿನ ಹಿರಿಯರ ನೆನಪಿನಲ್ಲಿ ಇನ್ನೂ ಇದೆ. ಕಾಲಿನ ಬೊಕ್ಕೆ ಒಡೆದು ದಾರದಂತಹ ಉದ್ದನೆಯ ಹುಳು ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟು ಎಳೆಯಬೇಕಾಗಿತ್ತು. ನೋವಿನ ಉರಿಗೆ ರೋಗಿಯು ಮೆಟ್ಟಿಲುಬಾವಿಯ ನೀರಿಗೆ ಕಾಲಿಟ್ಟೊಡನೆ ಹುಳು ತನ್ನ ಮರಿಗಳನ್ನು ಆ ನೀರಿಗೇ ಬಿಡುತ್ತಿತ್ತು. ನೀರಿನ ಸೂಕ್ಷ್ಮಜೀವಿಗಳು ಆ ಮರಿಗಳನ್ನು ನುಂಗುತ್ತಿದ್ದವು. ಜನರು ಆ ನೀರನ್ನು ಕುಡಿಯುತ್ತಿದ್ದರು. ಸುಮಾರು ಒಂದು ವರ್ಷದ ನಂತರ ಮತ್ತೊಬ್ಬರ ಕಾಲಿನಲ್ಲಿ ಹುಳು ಏಳುತ್ತಿತ್ತು.

ಈ ರೋಗಕ್ಕೆ ಅಂದು ಲಸಿಕೆಯಾಗಲಿ, ಹುಳುವನ್ನು ಕೊಲ್ಲುವ ಔಷಧಿಯಾಗಲಿ ಇರಲಿಲ್ಲ, ಇಂದಿಗೂ ಇಲ್ಲ. ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಪರಿವರ್ತಿಸಲಾಯಿತು, ಕೊಳವೆಬಾವಿಗಳನ್ನು ಕೊರೆಸಲಾಯಿತು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸಲಾಯಿತು, ಹುಣ್ಣಾದವರು ನೀರಿಗೆ ಇಳಿಯದಂತೆ ನೋಡಿಕೊಳ್ಳಲಾಯಿತು. ದೇಶದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದಲ್ಲಿ ದಾಖಲಾಯಿತು. 2000ದ ಫೆಬ್ರವರಿಯಲ್ಲಿ ಭಾರತವನ್ನು ನಾರುಹುಣ್ಣು ಮುಕ್ತ ದೇಶವೆಂದು ಪ್ರಮಾಣೀಕರಿಸಲಾಯಿತು. ಒಂದು ಹುಳುವನ್ನು ಬಾವಿಕಟ್ಟೆಯ ಕಾಮಗಾರಿ ಮತ್ತು ಜನರ ಶಿಸ್ತಿನಿಂದಲೇ ದೇಶದಿಂದ ಹೊರಗಟ್ಟಲಾಯಿತು.

ದಕ್ಷಿಣ ಕೊರಿಯಾದ ಅನುಭವವೂ ಗಮನಾರ್ಹವಾಗಿದೆ. 1971ರ ಸಮೀಕ್ಷೆಯಲ್ಲಿ ಅಲ್ಲಿಯ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ದುಂಡುಹುಳು ಕಂಡುಬಂದಿತ್ತು. ಶಾಲಾ ಮಕ್ಕಳಿಗೆ ವರ್ಷಕ್ಕೆರಡು ಬಾರಿ ಪರೀಕ್ಷೆ ಮತ್ತು ಔಷಧಿ ನೀಡಿದ ಅವಧಿಯಲ್ಲಿಯೇ ಹಸಿ ಮಲವನ್ನು ಹೊಲಕ್ಕೆ ಗೊಬ್ಬರವಾಗಿ ಬಳಸುವುದು ನಿಂತು ಹೋಯಿತು. ಶೌಚ ವ್ಯವಸ್ಥೆ ಸುಧಾರಿಸಿತು. 1997ರ ಹೊತ್ತಿಗೆ ದುಂಡುಹುಳುವಿನ ಪ್ರಮಾಣ ಶೇ 0.1ಕ್ಕಿಂತಲೂ ಕೆಳಗಿಳಿಯಿತು. ಮಾತ್ರೆಯ ಕೆಲಸವೂ ಮಣ್ಣಿನ ಕೆಲಸವೂ ಜೊತೆಯಾಗಿ ನಡೆದುದರ ಫಲವಿದು.

ಶೌಚಾಲಯ: ಕಟ್ಟಿದ ನಂತರದ ಪ್ರಶ್ನೆ

ಸ್ವಚ್ಛ ಭಾರತ್ ಮಿಷನ್ ಅಡಿಯಲ್ಲಿ 12,000 ರೂಪಾಯಿ ಪ್ರೋತ್ಸಾಹಧನ ಪಡೆದು ಕಟ್ಟಿದ ಶೌಚಾಲಯಗಳು ಹಳ್ಳಿಹಳ್ಳಿಗಳಲ್ಲಿ ಇವೆ. ಅವುಗಳಲ್ಲಿ ಕೆಲವಕ್ಕೆ ಬೀಗ ಬಿದ್ದಿದೆ. ಕೆಲವು ಕಟ್ಟಿಗೆ, ಕುಳ್ಳು, ಮೇವಿನ ದಾಸ್ತಾನಾಗಿವೆ. ಕಾರಣ ಕೇಳಿದಾಗ ಹೆಚ್ಚಾಗಿ ದೊರೆಯುವ ಉತ್ತರಗಳು ಎರಡು: ನೀರಿಲ್ಲ, ಗುಂಡಿ ತುಂಬಿದರೆ ತೆಗೆಯುವವರು ಯಾರು.

ಎರಡನೆಯ ಭಯಕ್ಕೆ ಎರಡು ಗುಂಡಿಯ ಶೌಚಾಲಯವೇ ಉತ್ತರ. ಎರಡರಲ್ಲಿ ಒಂದು ಗುಂಡಿಯನ್ನು ಮಾತ್ರ ಬಳಸಬೇಕು. ಕೆಲವು ವರ್ಷಗಳ ನಂತರ ಅದು ತುಂಬಿದಾಗ ಜಂಕ್ಷನ್ ಚೇಂಬರಿನಲ್ಲಿ ದಾರಿ ಬದಲಿಸಿ ಎರಡನೆಯ ಗುಂಡಿಗೆ ಹರಿಸಬೇಕು. ಮುಚ್ಚಿದ ಗುಂಡಿಯನ್ನು ಕನಿಷ್ಠ ಎರಡು ವರ್ಷ ತೆರೆಯಬಾರದು. ಆ ಅವಧಿಯಲ್ಲಿ ನೀರು ಇಂಗಿ, ಮಲವು ಕೊಳೆತು ವಾಸನೆಯಿಲ್ಲದ ಗೊಬ್ಬರವಾಗುತ್ತದೆ; ಹುಳುವಿನ ಮೊಟ್ಟೆಗಳೂ ನಾಶವಾಗುತ್ತವೆ. ಅದನ್ನು ಮನೆಯವರೇ ಸಲಿಕೆಯಿಂದ ತೆಗೆದು ಹೊಲಕ್ಕೆ ಹಾಕಬಹುದು. ಅವಧಿಗೆ ಮೊದಲೇ ತೆರೆದರೆ ಹುಳುವಿನ ಮೊಟ್ಟೆಗಳನ್ನು ಹೊಲಕ್ಕೆ ಬಿತ್ತಿದಂತಾಗುತ್ತದೆ. ಹಸಿ ಮಲದ ಗುಂಡಿಗೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯಡಿ ಅಪರಾಧವೂ ಹೌದು.

ನಿರ್ಮಾಣದಲ್ಲಿ ಕೆಲವು ಅಂಶಗಳನ್ನು ಪರಿಶೀಲಿಸಬೇಕು. ಗುಂಡಿಯ ಗೋಡೆಯಲ್ಲಿ ಜೇನುಗೂಡಿನಂತೆ ಸಂದುಗಳಿರಬೇಕು. ತಳಕ್ಕೆ ಕಾಂಕ್ರೀಟ್ ಹಾಕಬಾರದು. ಎರಡು ಗುಂಡಿಗಳ ನಡುವೆ ಕನಿಷ್ಠ 1 ಮೀಟರ್ ಅಂತರವಿರಬೇಕು. ಕುಡಿಯುವ ನೀರಿನ ಮೂಲದಿಂದ ಕನಿಷ್ಠ 10 ಮೀಟರ್ ದೂರವಿರಬೇಕು. ಬಿರುಕುಬಂಡೆಯ ನೆಲದಲ್ಲಿ ಇನ್ನೂ ಹೆಚ್ಚು ದೂರ ಬೇಕು. ಅಂತರ್ಜಲ ಮೇಲಿರುವ ಅಚ್ಚುಕಟ್ಟಿನ ಊರುಗಳಲ್ಲಿ ಆಳವಾದ ಗುಂಡಿ ತೋಡಿದರೆ ಕಾಲುವೆಗೆ ನೀರು ಬಿಟ್ಟಾಗ ಅದು ಕೆಳಗಿನಿಂದಲೇ ತುಂಬಿ ಉಕ್ಕುತ್ತದೆ. ಅಲ್ಲಿ ಗುಂಡಿಯ ಆಳವನ್ನು ಕಡಿಮೆ ಮಾಡಿ, ನೆಲಮಟ್ಟಕ್ಕಿಂತ ಎತ್ತರಿಸಿ ಕಟ್ಟಿ, ಸುತ್ತಲೂ ಮರಳಿನ ಪದರ ನೀಡುವುದು ಸೂಕ್ತ. ಒಂದೇ ನಕ್ಷೆಯನ್ನು ಎಲ್ಲ ಓಣಿಗಳಿಗೂ ಅನ್ವಯಿಸಿದಲ್ಲಿ ಇಂತಹ ಕಡೆ ಶೌಚಾಲಯ ಬೀಗ ಹಾಕಿಸಿಕೊಳ್ಳುತ್ತದೆ.

ಸೆಪ್ಟಿಕ್ ಟ್ಯಾಂಕುಗಳಿರುವ ಮನೆಗಳಲ್ಲಿ ಹೊರಹರಿವಿನ ಪೈಪನ್ನು ನೇರವಾಗಿ ಚರಂಡಿಗೆ ಬಿಡುವುದು ಕಂಡುಬರುತ್ತದೆ. ಆ ಚರಂಡಿಯು ತೆರೆದ ಮಲದ ಕಾಲುವೆಯೇ ಆಗುತ್ತದೆ. ಹೊರಹರಿವನ್ನು ಇಂಗುಗುಂಡಿಗೆ ಜೋಡಿಸಲು ಪಂಚಾಯತಿಯು ಸೂಚಿಸಬೇಕು. ಸಕ್ಕಿಂಗ್ ಯಂತ್ರದವರು ಟ್ಯಾಂಕಿನ ಹೂಳನ್ನು ರಾತ್ರಿ ವೇಳೆ ಕಾಲುವೆಗೋ ಹಳ್ಳಕ್ಕೋ ತೋಟಕ್ಕೋ ಸುರಿಯದಂತೆ ನಿಗಾ ವಹಿಸಬೇಕು.

ಬ್ಲೀಚಿಂಗ್ ಪುಡಿ ಮತ್ತು ಬಚ್ಚಲು ನೀರು

ಚರಂಡಿಯ ಬದಿಗೆ ಬ್ಲೀಚಿಂಗ್ ಪುಡಿ ಚೆಲ್ಲಿಸುವುದು ಪಂಚಾಯತಿಗಳ ಸಾಮಾನ್ಯ ಕ್ರಮ. ಕುಡಿಯುವ ನೀರಿನ ರೋಗಾಣುಗಳಿಗೆ ಕ್ಲೋರಿನ್ ಪರಿಣಾಮಕಾರಿಯಾಗಿದೆ; ಟ್ಯಾಂಕುಗಳಿಗೆ ಅದನ್ನು ತಪ್ಪದೆ ಹಾಕಬೇಕು. ಆದರೆ ದುಂಡುಹುಳುವಿನ ಮೊಟ್ಟೆಗೆ ದಪ್ಪನೆಯ ಕವಚವಿದ್ದು, ವಾಡಿಕೆಯ ಪ್ರಮಾಣದ ಕ್ಲೋರಿನ್‌ನಿಂದ ಅದು ಸಾಯುವುದಿಲ್ಲ. ಬಿಳಿಯಾಗಿ ಕಾಣುವ ಓಣಿಯು ಹುಳುಮುಕ್ತವಾಯಿತೆಂದು ಭಾವಿಸಬಾರದು. ಮೊಟ್ಟೆಯನ್ನು ಕೊಲ್ಲುವುದು ಬಿಸಿ, ಬಿಸಿಲು, ಒಣಹವೆ ಮತ್ತು ದೀರ್ಘಕಾಲ. ಆದುದರಿಂದ ಓಣಿಯ ನೆಲವನ್ನು ಒಣಗಿಸುವ ಕಾಮಗಾರಿಗೆ ಹಣ ವಿನಿಯೋಗಿಸುವುದು ಹೆಚ್ಚು ಫಲಕಾರಿ: ಮನೆಗೊಂದು ಬಚ್ಚಲು ಗುಂಡಿ, ಸಾರ್ವಜನಿಕ ನಳಕ್ಕೆ ಕಟ್ಟೆ ಮತ್ತು ಇಂಗುಗುಂಡಿ, ಸೋರುವ ವಾಲ್ವ್ ದುರಸ್ತಿ, ಅಂಗನವಾಡಿಯ ಅಂಗಳಕ್ಕೆ ಕಲ್ಲುಹಾಸು.

ಶುದ್ಧ ಕುಡಿಯುವ ನೀರಿನ ಘಟಕವಿರುವ ಊರಿನಲ್ಲಿಯೂ ಜಂತುಹುಳು ಇರಬಲ್ಲದು. ಹುಳುವಿನ ಹೆಚ್ಚಿನ ಪಯಣ ಬೆರಳಿನ ಮೂಲಕ, ಪಾದದ ಮೂಲಕ. ಶೌಚದ ನಂತರ, ಊಟಕ್ಕೆ ಮುನ್ನ ಸಾಬೂನಿನಿಂದ ಕೈತೊಳೆಯುವುದು, ವಾರಕ್ಕೊಮ್ಮೆ ಉಗುರು ಕತ್ತರಿಸುವುದು, ಹೊರಗೆ ಹೋಗುವಾಗ ಚಪ್ಪಲಿ ಧರಿಸುವುದು: ಈ ಮೂರನ್ನು ಶಾಲೆಯಲ್ಲಿ ರೂಢಿಗೊಳಿಸಬೇಕು. ಕೈತೊಳೆಯುವ ಕಟ್ಟೆಯಲ್ಲಿ ನಳವಿದ್ದು ಸಾಬೂನಿಲ್ಲದಿದ್ದರೆ ಪ್ರಯೋಜನ ಅರ್ಧ ಮಾತ್ರ. ಮೂಲಂಗಿ, ಗಜ್ಜರಿ, ಸೌತೆ, ಕೊತ್ತಂಬರಿ, ಮೆಂತ್ಯ ಮೊದಲಾಗಿ ಹಸಿಯಾಗಿ ತಿನ್ನುವ ಎಲ್ಲವನ್ನೂ ಶುದ್ಧ ನೀರಿನಲ್ಲಿ ಉಜ್ಜಿ ತೊಳೆಯಬೇಕು. ಮಂಡಕ್ಕಿಯ ಮೇಲೆ ಉದುರಿಸುವ ಹಸಿ ಕೊತ್ತಂಬರಿಗೂ ಇದು ಅನ್ವಯಿಸುತ್ತದೆ. ಹಂಪಿ ಉತ್ಸವ, ಊರ ಜಾತ್ರೆಗಳ ಸಂದರ್ಭದಲ್ಲಿ ತಾತ್ಕಾಲಿಕ ಶೌಚಾಲಯ ಒದಗಿಸುವುದೂ, ಉತ್ಸವ ಮುಗಿದ ಮೇಲೆ ಅದರ ಹೂಳನ್ನು ಸರಿಯಾಗಿ ವಿಲೇವಾರಿ ಮಾಡುವುದೂ ಇದೇ ಕಾರ್ಯದ ಭಾಗ.

ಗ್ರಾಮ ಪಂಚಾಯತಿ ಕೈಗೊಳ್ಳಬೇಕಾದ ಕ್ರಮಗಳು

1. ಜನವರಿ ಮತ್ತು ಜುಲೈ ತಿಂಗಳ ಸಾಮಾನ್ಯ ಸಭೆಯಲ್ಲಿ ಜಂತುಹುಳು ನಿವಾರಣೆಯನ್ನು ಪ್ರತ್ಯೇಕ ವಿಷಯವಾಗಿ ಕಾರ್ಯಸೂಚಿಗೆ ಸೇರಿಸಿ, ವೈದ್ಯಾಧಿಕಾರಿ ಅಥವಾ ಸಮುದಾಯ ಆರೋಗ್ಯ ಅಧಿಕಾರಿಯನ್ನು ಆಹ್ವಾನಿಸುವುದು.

2. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮೂಲಕ ಹಾಜರಿ ಪುಸ್ತಕದಲ್ಲಿಲ್ಲದ ಮಕ್ಕಳ ಪಟ್ಟಿಯನ್ನು ವಾರ್ಡುವಾರು ಸಿದ್ಧಪಡಿಸುವುದು. ಗುಡಿಸಲು, ಶೆಡ್ಡು, ಭಟ್ಟಿ, ಕುರಿಹಟ್ಟಿಗಳನ್ನು ಕಡ್ಡಾಯವಾಗಿ ಒಳಗೊಳ್ಳುವುದು.

3. ಪ್ರತಿ ಸದಸ್ಯರು ತಮ್ಮ ವಾರ್ಡಿನ ಬಳಕೆಯಾಗದ ಶೌಚಾಲಯಗಳನ್ನು ಎಣಿಸಿ, ಕಾರಣವನ್ನು ನೀರು, ಗುಂಡಿ, ಬಾಗಿಲು, ರೂಢಿ ಎಂದು ವಿಂಗಡಿಸಿ ಬರೆಯುವುದು. ಮೊದಲ ಮೂರು ಕಾರಣಗಳನ್ನು ದುರಸ್ತಿಯಿಂದ ನಿವಾರಿಸಬಹುದು; ನಾಲ್ಕನೆಯದಕ್ಕೆ ಮನೆಭೇಟಿ ಬೇಕು.

4. ಅಂಗನವಾಡಿ, ಶಾಲೆ ಮತ್ತು ಕೂಸಿನ ಮನೆಗಳಲ್ಲಿ ಮಕ್ಕಳ ಅಳತೆಗೆ ತಕ್ಕ ಶೌಚಾಲಯ, ನಿರಂತರ ನೀರು, ಸಾಬೂನು ಇರುವುದನ್ನು ಮುನ್ಸೂಚನೆಯಿಲ್ಲದೆ ಪರಿಶೀಲಿಸುವುದು.

5. ಇಂಗುಗುಂಡಿ, ನಳದ ಕಟ್ಟೆ, ಶೌಚಾಲಯ ದುರಸ್ತಿ ಕಾಮಗಾರಿಗಳನ್ನು ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸುವುದು. 15ನೇ ಹಣಕಾಸು ಆಯೋಗವು ತನ್ನ ಅನುದಾನದ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಿಟ್ಟಿದ್ದರ ಉದ್ದೇಶ ಇಂತಹ ಕಾಮಗಾರಿಗಳೇ.

6. ಮಕ್ಕಳ ಗ್ರಾಮ ಸಭೆಯಲ್ಲಿ ಶಾಲಾ ಶೌಚಾಲಯದ ಬಗ್ಗೆ ಮಕ್ಕಳು ಹೇಳುವುದನ್ನು ನಡವಳಿಯಲ್ಲಿ ದಾಖಲಿಸಿ, ಮುಂದಿನ ಸಭೆಯಲ್ಲಿ ಕೈಗೊಂಡ ಕ್ರಮವನ್ನು ಓದಿ ಹೇಳುವುದು.

ಮಾತ್ರೆ ಪಡೆದ ಮಕ್ಕಳ ಸಂಖ್ಯೆ ಪ್ರತಿ ಸುತ್ತಿನ ನಂತರ ವರದಿಯಾಗುತ್ತದೆ. ಅದರ ಪಕ್ಕದಲ್ಲಿ ಇನ್ನೊಂದು ಸಂಖ್ಯೆಯನ್ನೂ ಬರೆಯುವುದು ಅಗತ್ಯ: ಆ ಆರು ತಿಂಗಳಲ್ಲಿ ಬೀಗ ತೆಗೆದು ಬಳಕೆಗೆ ಬಂದ ಶೌಚಾಲಯಗಳೆಷ್ಟು, ಒಣಗಿದ ನಳದ ಬುಡಗಳೆಷ್ಟು ಎಂಬುದು. ಮೊದಲ ಸಂಖ್ಯೆಯು ಎಷ್ಟು ಮಕ್ಕಳಿಗೆ ಹುಳುವಿನ ಔಷಧಿ ತಲುಪಿತೆಂಬುದನ್ನು ತಿಳಿಸುತ್ತದೆ. ಎರಡನೆಯದು ಎಷ್ಟು ಮಕ್ಕಳಿಗೆ ಮತ್ತೆ ಹುಳು ತಗಲುವ ಸಂಭವ ಕಡಿಮೆಯಾಯಿತೆಂಬುದನ್ನು ತಿಳಿಸುತ್ತದೆ. ಮುಂಬರುವ ಜಂತುಹುಳು ನಿವಾರಣಾ ದಿನದಂದು ಸದಸ್ಯರು ಮಗುವಿನ ಕೈಗೆ ಮಾತ್ರೆ ನೀಡಿದ ನಂತರ, ಅದೇ ಶಾಲೆಯ ಹಿಂಭಾಗದ ಶೌಚಾಲಯಕ್ಕೂ ಕೈತೊಳೆಯುವ ಕಟ್ಟೆಗೂ ಒಮ್ಮೆ ಭೇಟಿ ನೀಡಿ, ಅಲ್ಲಿ ಕಂಡುದನ್ನು ಮುಂದಿನ ಸಭೆಯ ಗಮನಕ್ಕೆ ತರಬೇಕೆಂದು ಕೋರಲಾಗಿದೆ.